ದೊಡ್ಡ ಸೈಜಿನ ಚಪ್ಪಲಿ

ಹೆಂಗಸೊಬ್ಬಳೇ ಇರುವ ಮನೆ ಎಂದು ಗೊತ್ತಾಗದಿರಲಿ ಅಂತ ಬಾಗಿಲ ಹೊರಗೆ ಗಂಡಸರ ಚಪ್ಪಲಿ ಇಡುವುದು ನಮ್ಮ ಬಿಟಿಎಂ ಬಡಾವಣೆಯ ಬಾಡಿಗೆ ಮನೆಗಳಲ್ಲಿ ಮಾಮೂಲು. ನಾನೂ ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಒಂದು ಜೊತೆ ಕೊಂಡೆ. "ಸೈಜ್ ಎಷ್ಟು ಮೇಡಂ?" ಎಂದ ಅಂಗಡಿಯವನು. ಮದುವೆಯೇ ಆಗದ ನನಗೆ ಯಾರ ಕಾಲಿನ ಅಳತೆ ಗೊತ್ತು? "ದೊಡ್ಡದೇ ಕೊಡಿ" ಎಂದೆ. ಇಡುವುದಾದರೆ ಆಳು ದಷ್ಟಪುಷ್ಟವಾಗಿಯೇ ಇರಲಿ.

ನನ್ನ ಕಸುಬು ಅಪರಾಧ ಕಾದಂಬರಿ ಬರೆಯುವುದು. ಹೆಚ್ಚಿನವು ಫೋನಿನಲ್ಲಿ ಕಂತು ಕಂತಾಗಿ ಓದುವವರಿಗಾಗಿ. ಕಂತಿಗೊಂದು ಹೆಣ ಬೀಳಲೇಬೇಕು. ಬರೆದು ಸುಸ್ತಾದಾಗ ಕಪಾಟಿನ ಹಳೆಯ ಪತ್ತೇದಾರಿ ಕಾದಂಬರಿಗಳನ್ನು ತೆಗೆಯುತ್ತೇನೆ. ಕೊಲೆಗಾರ ಯಾರೆಂದು ಗೊತ್ತಿದ್ದೂ ಮತ್ತೆ ಮತ್ತೆ ಯಾಕೆ ಓದುತ್ತೇನೋ ನನಗೇ ತಿಳಿದಿರಲಿಲ್ಲ. ಇಡೀ ದಿನ ಯಾರೊಂದಿಗೂ ಮಾತಿಲ್ಲದೆ, ಸಂಜೆ ತರಕಾರಿಯವನ ಮುಂದೆ ಬಾಯಿ ತೆರೆದರೆ ಗಂಟಲು ಕಟ್ಟಿರುತ್ತಿತ್ತು. ಅಂಥ ದಿನಗಳಲ್ಲೇ ಅವು ಹೆಚ್ಚು ಬೇಕಾಗುತ್ತಿದ್ದವು.

ಎದುರು ಮನೆಗೆ ಧಾರವಾಡ ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಮಡಿವಾಳದ ಹತ್ತಿರ ಅವಳ ಆಫೀಸು. ತೆರೆದ ಬಾಗಿಲಿನಿಂದ ಕಪಾಟು ಕಂಡು ಪುಸ್ತಕ ಕೇಳಿದಳು. ಅಚ್ಚಾದ ನನ್ನದೊಂದು, ಹಳೆಯದೊಂದು ಕೊಟ್ಟೆ. ಭಾನುವಾರ ಎರಡನ್ನೂ ವಾಪಸ್ ತಂದಳು.

"ನಿಮ್ದೂ ಚಲೋ ಐತ್ರಿ ಅಕ್ಕಾರ. ಆದ್ರ ನಿಮ್ಮ ಕಥಿಯೊಳಗ ಫೋನ್ ಟವರ್ ಹಿಡಕೊಡ್ತೈತಿ, ಸಿಸಿಟಿವಿ ಹಿಡಕೊಡ್ತೈತಿ. ಹಳೇದ್ರಾಗ ಪತ್ತೇದಾರ ಮನಷ್ಯಾರನ್ನ ನೋಡ್ತಾನ್ರಿ."

ನನಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ನೀನೇನ್ ನೋಡಿದ್ದೀಯ, ಹೇಳಮ್ಮ" ಎಂದೆ.

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಸಿಟ್ಟಾಗಬ್ಯಾಡ್ರಿ. ಆ ಚಪ್ಪಲ್ ಇಟ್ಟಲ್ಲೇ ಅದಾವ್ರಿ. ಅಡಿ ಸವದಿಲ್ಲ. ನೀವು ಒಬ್ಬರಾ ಅದೀರಿ." ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತ, "ಮುಂಜಾನೆ ನಿಮ್ಮ ಬಾಗ್ಲಾ ತೆರದಿದ್ದು ನೋಡೂತನಕಾ ನನಗ ಆಫೀಸಿಗೆ ಹೋಗಾಕ ಮನಸ್ಸಾಗಂಗಿಲ್ರಿ" ಎಂದಳು.

ಗುಟ್ಟು ರಟ್ಟಾಯಿತೆಂದು ಹೆದರಬೇಕಿತ್ತು. ಹೆದರಿಕೆಯಾಗಲಿಲ್ಲ. ಯಾರಾದರೂ ನನ್ನನ್ನು ಇಷ್ಟು ಗಮನವಿಟ್ಟು ನೋಡಿ ಎಷ್ಟು ವರ್ಷವಾಗಿತ್ತು! ಹಳೆಯ ಕಥೆಗಳ ಸೆಳೆತ ಏನೆಂದು ಆಗ ಹೊಳೆಯಿತು. ಎಂಥ ಯಃಕಶ್ಚಿತ್ ಮನುಷ್ಯನನ್ನೂ ಅಲ್ಲಿ ಒಬ್ಬ ಪೂರ್ತಿಯಾಗಿ ನೋಡುತ್ತಾನೆ. ಕಿತ್ತುಹೋದ ಗುಂಡಿ, ಉಗುರಿನ ಮಸಿ, ಕುಡಿಯದೆ ಬಿಟ್ಟ ಚಹಾ, ಒಂದನ್ನೂ ಬಿಡುವುದಿಲ್ಲ. ಹೆಣಕ್ಕೂ ಅಲ್ಲಿ ಅಷ್ಟು ಮರ್ಯಾದೆ. ಅವತ್ತು ಅವಳನ್ನು ಊಟಕ್ಕೆ ನಿಲ್ಲಿಸಿಕೊಂಡೆ. ಆಮೇಲಿನ ಭಾನುವಾರಗಳೂ ಹಾಗೇ ಆದವು.

ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿದು ಮಾಲೀಕರು ಬಾಡಿಗೆ ಏರಿಸಿದಾಗ ಅವಳು ಅಂಜನಾಪುರಕ್ಕೆ ಹೋದಳು. ಮೊದಮೊದಲು ಫೋನ್ ಮಾಡುತ್ತಿದ್ದಳು. ಈ ಊರಿನ ಟ್ರಾಫಿಕ್ಕಿನಲ್ಲಿ ಅಂಜನಾಪುರವೂ ಪರವೂರೇ. ಅವಳ ಮೇಲೆ ಕೋಪವಿಲ್ಲ, ಬೇಜಾರಿದೆ.

ಈಗ ಎದುರು ಮನೆಯಲ್ಲಿ ಗಂಡ ಹೆಂಡತಿ ಇದ್ದಾರೆ. ಒಳ್ಳೆಯ ಜನವೇ. ಯುಗಾದಿಗೆ ಆಕೆ ಒಬ್ಬಟ್ಟು ತಂದಳು.

"ಅಂಕಲ್ ಕಾಣಿಸೋದೇ ಇಲ್ವಲ್ಲ ಆಂಟಿ, ಮನೇಲಿದ್ದಾರಾ?"

ನಾನೊಬ್ಬಳೇ ಇರುವುದಮ್ಮ ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. ಆಕೆ ಆಗಲೇ ಫೋನ್ ನೋಡುತ್ತಿದ್ದಳು.

"ಒಳಗೆ ಮಲಗಿದ್ದಾರಮ್ಮ" ಎಂದೆ.

"ಅವರಿಗೂ ಸೇರಿಸೇ ತಂದಿದೀನಿ ಆಂಟಿ, ಎದ್ಮೇಲೆ ಕೊಡಿ" ಎಂದು ಆಕೆ ಬಾಗಿಲು ಎಳೆದುಕೊಂಡು ಹೋದಳು.