ಈ ದಂಡೆಯ ದೋಣಿ

ಅಫಜಲಪುರದ ಆ ಫೋಟೋ ಸ್ಟುಡಿಯೋದವರು ಹಳೆಯ ಫೋಟೋಗಳಲ್ಲಿದ್ದವರನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದು, ಬೆಟ್ಟ, ಹೊಳೆ, ಹೂದೋಟಗಳ ನಡುವೆ ಕೂಡಿಸುತ್ತಿದ್ದರು. ಎಷ್ಟು ಜನರ ಫೋಟೋ ತಂದುಕೊಟ್ಟರೂ ಕನ್ನಡಕವನ್ನು ಹಣೆಗೇರಿಸಿ, "ಜಾಗ ಅದ ಬಿಡ್ರಿ" ಎನ್ನುತ್ತಿದ್ದರು.

ಅಪ್ಪ, ಅವ್ವ ಜೋಡಿಯಾಗಿ ತೆಗೆಸಿಕೊಂಡ ಫೋಟೋ ಒಂದೂ ಇರಲಿಲ್ಲ. ಅಪ್ಪ ತೀರಿದ ಮೇಲೆ ಅವ್ವ, ನಾನು, ಸೋದರತ್ತೆ ಮೂವರೂ ಅವರಿಬ್ಬರ ಬೇರೆ ಬೇರೆ ಫೋಟೋ ಹಿಡಿದು ಮಣ್ಣೂರಿನಿಂದ ಅಲ್ಲಿಗೆ ಹೋದೆವು. ಅತ್ತೆ ಅಂಗಡಿಯಲ್ಲೇ ತಕರಾರು ತೆಗೆದಳು.

"ಸತ್ತವರ ಬಾಜೂಕ ಜೀವಂತ ಇದ್ದವರನ್ನ ನಿಂದರಸಬಾರದ್ರಿ. ಕರಕೊಂಡು ಹೋಗ್ತಾರ."

ಅವ್ವ ತನ್ನ ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಸ್ಟುಡಿಯೋದವರು ವಾದಿಸಲಿಲ್ಲ. ಆ ಫೋಟೋ ಇಸಿದುಕೊಂಡು, ಪರದೆಯ ಮೇಲೆ ಅಗಲವಾದ ಹೊಳೆಯೊಂದನ್ನು ತಂದು, ಆಚೆ ದಂಡೆಯಲ್ಲಿ ಅಪ್ಪನನ್ನು, ಈಚೆ ದಂಡೆಯಲ್ಲಿ ಅವ್ವನನ್ನು ನಿಲ್ಲಿಸಿದರು.

"ಭಾಳ ದೂರ ಆತಲ್ರಿ" ಎಂದಳು ಅವ್ವ, ಸಣ್ಣಗೆ.

ಅವರು ಕನ್ನಡಕ ಏರಿಸಿದರು. ಎಲ್ಲಿಂದಲೋ ಒಂದು ದೋಣಿ ತಂದು ಅವ್ವನ ಕಾಲ ಬಳಿ ಇಟ್ಟರು.

"ದೋಣಿ ನಿಮ್ಮ ದಂಡಿಗೇ ಅದರಿ ಅವ್ವಾರ. ಅವರಿಗೆ ಈ ಕಡೆ ಬರಾಕ ಆಗಂಗಿಲ್ಲ. ನೀವು ಸಾವಕಾಶ ಹೋಗ್ರಿ."

ಅವ್ವ ನಕ್ಕಳು. ಅಪ್ಪ ಹೋದ ಮೇಲೆ ಅದೇ ಮೊದಲು. ಅತ್ತೆ ಬಗ್ಗಿ ಪರದೆಯನ್ನು ಬಹಳ ಹೊತ್ತು ನೋಡಿದಳು.

"ಅಣ್ಣ ಕಾಣೂ ಹಂಗ ನನ್ನನ್ನೂ ಈ ದಂಡಿಗೆ ನಿಂದರಸ್ತೀರೇನ್ರಿ?"

"ಜಾಗ ಅದ ಬಿಡ್ರಿ."