ಬೆಕ್ಕಿನ ಟ್ರೇಗೆ ಕಾಗದ

ಬೆಕ್ಕು ಸಾಕಿದವರಿಗೆ ಗೊತ್ತಿರುತ್ತದೆ, ಅದರ ಊಟಕ್ಕಿಂತ ಅದರ ಕಕ್ಕಸಿನದೇ ದೊಡ್ಡ ರಾಮಾಯಣ. ಚಾಮರಾಜಪೇಟೆಯ ನಮ್ಮ ಪುಟ್ಟ ಮನೆಯಲ್ಲಿ ಟ್ರೇ ಇಡಲು ಇರುವುದು ಬಚ್ಚಲ ಪಕ್ಕದ ಒಂದು ಮೂಲೆ. ಅದಕ್ಕೆ ತುಂಬುವ ಮಣ್ಣಿಗೆ ಅಂಗಡಿಯವರು ಲಿಟರ್ ಅನ್ನುತ್ತಾರೆ. ಲ್ಯಾವೆಂಡರ್ ವಾಸನೆಯದು ತಂದರೆ ಬೆಕ್ಕು ಸೀನುತ್ತದೆ, ವಾಸನೆ ಇಲ್ಲದ್ದು ತಂದರೆ ಅದರ ಧೂಳಿಗೆ ಅಮ್ಮ ಕೆಮ್ಮುತ್ತಾಳೆ. ಯಾವುದು ಸೇಫು ಎಂದು ಕೇಳಿದರೆ ಅಂಗಡಿಯವನು, “ಎಲ್ಲಾ ಸೇಫೇ ಮೇಡಂ, ಇದು ಜಾಸ್ತಿ ಹೋಗುತ್ತೆ” ಅನ್ನುತ್ತಾನೆ. ಜಾಸ್ತಿ ಮಾರಾಟವಾದರೆ ಬೆಕ್ಕಿಗೆ ಒಳ್ಳೆಯದು ಹೇಗಾಯಿತು? ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ನಮ್ಮದು ಗಂಡುಬೆಕ್ಕು. ಕಳೆದ ವರ್ಷ ಅದಕ್ಕೆ ಸಂತಾನವಾಗದಂತೆ ಆಪರೇಷನ್ ಮಾಡಿಸಿದೆ. ಮನೆಗೆ ಕಳಿಸುವಾಗ ಡಾಕ್ಟರು, “ಗಾಯ ಒಣಗೋವರೆಗೂ ಮಣ್ಣು ಹಾಕ್ಬೇಡಿ, ಅಂಟ್ಕೊಂಡ್ರೆ ಕೀವಾಗುತ್ತೆ. ಹಳೇ ನ್ಯೂಸ್‌ಪೇಪರ್ ಹರಿದು ಹಾಕಿ, ಸಾಕು” ಎಂದರು. ಸದ್ಯ, ಅಂಗಡಿ ಸುತ್ತುವುದು ತಪ್ಪಿತು ಎಂದುಕೊಂಡು ಬಂದರೆ, ಪೇಪರಿನ ರಾಶಿಗೆ ಅಡ್ಡ ನಿಂತಳು ಅಮ್ಮ.

“ಮುಟ್ಟಿದ್ರೆ ನೋಡು! ಅಕ್ಷರದ ಮೇಲೆ ಬೆಕ್ಕು ಉಚ್ಚೆ ಹೊಯ್ಯೋದಾ?”

ಕಾಗದಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಎಲ್ಲರ ಮನೆಯಲ್ಲೂ ಇದೆ. ಅಮ್ಮನದು ಅಷ್ಟೇ ಅಲ್ಲ. ಪ್ರಾಯದಲ್ಲಿ ಅವಳು ಇದೇ ಪೇಟೆಯ ಪ್ರೆಸ್ಸೊಂದರಲ್ಲಿ ಕಸ ಗುಡಿಸುತ್ತಿದ್ದಳು. ದಿನವಿಡೀ ಅಚ್ಚಿನ ಹಾಳೆಗಳ ನಡುವೆಯೇ ಇದ್ದರೂ ಒಂದಕ್ಷರ ಬರುತ್ತಿರಲಿಲ್ಲ. ನಾನು ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ, ಪೇಪರ್ ಹಿಡಿದು, ಬೆರಳಿಟ್ಟು, ಅಕ್ಷರಕ್ಕಕ್ಷರ ಕೂಡಿಸಿ ಓದಲು ಕಲಿತಳು. ಈಗಲೂ ನಿಧಾನ. ಒಂದು ಮುಗಿಯುವಷ್ಟರಲ್ಲಿ ಮರುದಿನದ್ದು ಬಂದಿರುತ್ತದೆ. ಓದಿ ಮುಗಿಸದೆ ರದ್ದಿಗೆ ಹಾಕುವುದಿಲ್ಲ ಎಂದು ರಾಶಿ ಬೆಳೆಸುತ್ತಾ ಹೋಗಿದ್ದಾಳೆ.

ಆಯಿತು ತಾಯಿ ಎಂದು, ಬಿಳಿ ಹಾಳೆ ಹರಿಯಲು ಕೂತೆ. ಅದನ್ನೂ ಕಿತ್ತುಕೊಂಡಳು. “ಖಾಲಿ ಹಾಳೆನ ಹರೀತಾರಾ? ಓದೋ ಮಕ್ಕಳಿಗೆ ಕೊಡೇ!” ಬರೆದದ್ದೂ ಬೇಡ, ಬರೆಯದ್ದೂ ಬೇಡ. ಇದೆಂಥ ಕರ್ಮ! ಮರುದಿನ ಬೆಳಿಗ್ಗೆ ಸುಲ್ತಾನ್‌ಪೇಟೆಗೆ ಹೋಗಿ, ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕತ್ತರಿಸಿ ಬಿಸಾಡಿದ ಅಂಚುಗಳನ್ನು ಚೀಲಕ್ಕೆ ತುಂಬಿಸಿಕೊಂಡು ಬಂದೆ. ಅಮ್ಮ ಒಪ್ಪಿದಳು, ಬೆಕ್ಕು ಒಪ್ಪಲಿಲ್ಲ. ದಪ್ಪ ಕಾಗದ, ಮೇಲೆ ನುಣುಪು, ಸಾಲದ್ದಕ್ಕೆ ಚಿನ್ನದ ಬಣ್ಣದ ಪುಡಿ. ಕಾಲಿಟ್ಟಿತು, ಜಾರಿತು, ಮೂತಿ ಮಿಂಚಿಸಿಕೊಂಡು ಆಚೆ ಬಂತು. ಅದು ನೆಕ್ಕಿಬಿಡುವ ಮೊದಲು ಒರೆಸುವುದೇ ನನಗೊಂದು ಕೆಲಸವಾಯಿತು.

ಅಷ್ಟರಲ್ಲಿ ಹೊಳೆಯಿತು: ಹಿಂದಿನ ದಿನ ಮನೆಗೆ ಬಂದಾಗಿನಿಂದ ಅದು ಉಚ್ಚೆಯನ್ನೇ ಹೊಯ್ದಿಲ್ಲ. ಗಾಬರಿಯಾಗಿ ಫೋನ್ ಮಾಡಿದರೆ ಡಾಕ್ಟರು, “ಗಂಡುಬೆಕ್ಕಿಗೆ ಮೂತ್ರ ಕಟ್ಕೊಂಡ್ರೆ ಜೀವಕ್ಕೇ ಅಪಾಯ ಮೇಡಂ. ಪೇಪರ್ ಹಾಕಿ ನೋಡಿ. ಆಗ್ಲೂ ಹೋಗ್ಲಿಲ್ಲಾಂದ್ರೆ ತಕ್ಷಣ ಕರ್ಕೊಂಬನ್ನಿ” ಎಂದರು. ಬೆಕ್ಕು ಟ್ರೇ ಸುತ್ತ ತಿರುಗುತ್ತಾ ಅಳುತ್ತಿತ್ತು. ನನಗೆ ತಡೆಯಲಾಗಲಿಲ್ಲ.

“ಅಮ್ಮ, ಇದು ಸತ್ತೋದ್ರೆ ನಿನ್ ಅಕ್ಷರ ಬಂದು ಉಳಿಸುತ್ತಾ?”

ಅಮ್ಮ ರಾಶಿಯ ಮೇಲಿನ ಪೇಪರ್ ತೆಗೆದುಕೊಂಡು ಟ್ರೇ ಪಕ್ಕದಲ್ಲೇ ಕೂತಳು, ಕನ್ನಡಕ ಹಾಕಿಕೊಂಡು ಓದತೊಡಗಿದಳು.

“ಈಗ್ಲಾ? ಈಗ ಓದ್ತಿದೀಯಾ?”

“ಓದ್ದೇ ಇರೋದನ್ನ ಕೊಡಲ್ಲ.”

ಬೆರಳು ಸಾಲಿನ ಕೆಳಗೆ ತೆವಳುತ್ತಿತ್ತು. ಕರೆಂಟ್ ಹೋಗುವ ಏರಿಯಾಗಳು, ಟೆಂಡರು, ಯಾರದೋ ಪುಣ್ಯತಿಥಿ. ಒಂದನ್ನೂ ಬಿಡಲಿಲ್ಲ. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

“ಜಾಹೀರಾತಾದ್ರೂ ಬಿಡಮ್ಮ, ನಿನ್ ಕಾಲಿಗೆ ಬೀಳ್ತೀನಿ!”

“ಸುಮ್ನಿರೇ, ಅದೂ ಅಕ್ಷರಾನೇ.”

ಕೊನೆಯ ಸಾಲು ಮುಗಿಸಿ, ಆ ಹಾಳೆಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ತಾನೇ ಉದ್ದುದ್ದಕ್ಕೆ ಹರಿದಳು, ಲಗ್ನಪತ್ರಿಕೆಯ ಚೂರುಗಳನ್ನು ಆಚೆ ಸುರಿದು ಟ್ರೇಗೆ ಇದನ್ನು ಹರಡಿದಳು. ಬೆಕ್ಕು ಮೂಸಿತು, ಒಳಗೆ ಹೋಯಿತು, ಪರಪರ ಕೆರೆಯಿತು, ಕೂತಿತು. ಕಾಗದ ಒದ್ದೆಯಾಗುತ್ತಿದ್ದ ಸದ್ದು ಕೇಳಿ ನನಗೆ ಅಳುವೇ ಬಂತು.

“ಅಮ್ಮ, ಹೋಯ್ತು ಕಣಮ್ಮ! ನೋಡಿಲ್ಲಿ!”

ಅಮ್ಮ ತಲೆ ಎತ್ತಲಿಲ್ಲ. ಅವಳ ಬೆರಳು ಆಗಲೇ ಮುಂದಿನ ಹಾಳೆಯ ಮೇಲಿತ್ತು.

“ತಡಿಯೇ, ಇದಿನ್ನೂ ಅರ್ಧ ಆಗಿಲ್ಲ. ರಾತ್ರಿಗೂ ಬೇಕಲ್ವಾ ಅದಕ್ಕೆ.”