ಗಿರಣಿಯ ನೆಲದಲ್ಲಿ ಹನ್ನೊಂದು ಚುಕ್ಕೆ

ನನ್ನ ತಮ್ಮ ಒಂದು ಕಲ್ಲನ್ನು ನಾಲ್ಕು ದಿನ ಕಾಯಲು ಹೇಳಿದ್ದ. ನಾನು ಕಾಯಲಿಲ್ಲ. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ಕಲ್ಲು ಅವನ ತಪ್ಪಿನಿಂದಲೇ ಒಡೆಯಿತು ಎಂದು ನಾನು ಹೇಳಿದೆ. ಅವನು ನಂಬಿದ. ಹನ್ನೆರಡು ವರ್ಷ ನಂಬಿಕೊಂಡೇ ಇದ್ದ.

ಆಗ ನಾವಿಬ್ಬರೂ ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯ ಪಕ್ಕದ ಒಂದು ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದೆವು. ಹೊರಗಿನವರು ಶಹಾಬಾದ್ ಕಲ್ಲು ಅನ್ನುವುದನ್ನು ನಾವು ಫರಸಿ ಅನ್ನುತ್ತೇವೆ. ನೆಲದೊಳಗೆ ಅದು ರೊಟ್ಟಿ ಒಂದರ ಮೇಲೊಂದು ಇಟ್ಟ ಹಾಗೆ ಪದರ ಪದರವಾಗಿ ಮಲಗಿರುತ್ತದೆ. ಸಂದಿಯಲ್ಲಿ ಉಳಿ ಹೊಡೆದು, ಹಾರೆ ತೂರಿಸಿ ಮೆಲ್ಲಗೆ ಮೀಟಿದರೆ ಒಂದು ಪದರ ಏಳುತ್ತದೆ. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಈ ಕೆಲಸ ಕಲಿತವನು. ಅಪ್ಪ ಹೋದ ಮೇಲೆ ತಮ್ಮನನ್ನು ಪಿಯುಸಿವರೆಗೆ ಓದಿಸಿದೆ. ಅವನು ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ, ಒಂದು ದಿನ ಬಂದು ನನ್ನ ಪಕ್ಕದಲ್ಲಿ ಉಳಿ ಹಿಡಿದು ಕುಳಿತ.

ಓದು ಬಿಟ್ಟರೂ ಪುಸ್ತಕ ಬಿಟ್ಟಿರಲಿಲ್ಲ. ರವಿವಾರ ಚಿತ್ತಾಪುರದ ಗ್ರಂಥಾಲಯಕ್ಕೆ ಹೋಗಿ ಬರುತ್ತಿದ್ದ. ಒಂದು ಸಲ ರಟ್ಟು ಹರಿದ, ಮೊದಲ ಕೆಲವು ಹಾಳೆಗಳೇ ಇಲ್ಲದ ಪುಸ್ತಕ ತಂದ. ಸ್ಕಾಟ್ಲಂಡ್ ಎಂಬ ಚಿಕ್ಕ ದೇಶದ ದೊಡ್ಡ ಜನರ ಬಗ್ಗೆ ಯಾರೋ ಕನ್ನಡದಲ್ಲಿ ಬರೆದದ್ದು. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಬೇವಿನ ಮರದ ಕೆಳಗೆ ಕುಳಿತು ನಮಗೆಲ್ಲ ಓದಿ ಹೇಳುತ್ತಿದ್ದ. ಉಗಿ ಎಂಜಿನ್ನನ್ನು ಸುಧಾರಿಸಿ ಅದಕ್ಕೆ ಬಲ ತಂದವನು ಆ ದೇಶದವನು ಎಂದ ದಿನ, ರೈಲಿನಿಂದಲೇ ಊರಾಗಿ ಬೆಳೆದ ವಾಡಿಯ ಸ್ಟೇಷನ್ನಿನಲ್ಲಿ ಹಮಾಲಿ ಮಾಡಿ ಬಂದಿದ್ದ ಮುದುಕನೊಬ್ಬ, "ಹಂಗಾದ್ರ ನಮ್ಮ ವಾಡಿ ಊರಿಗಿ ಮೂಲಪುರುಷ ಅಂವನಾ ಅನ್ನು" ಎಂದ. ಫೋನು ಕಂಡುಹಿಡಿದವನೂ ಅಲ್ಲೇ ಹುಟ್ಟಿದವನು ಎಂದಾಗ ಇನ್ನೊಬ್ಬ, "ನನ್ನ ಹೇಣ್ತಿ ದಿನಾ ಹತ್ತ್ ಸಲ ಫೋನ್ ಮಾಡ್ತಾಳಲ್ಲಪಾ, ಆ ಪಾಪ ಅಂವಗಾ ಹತ್ತಲಿ" ಎಂದ. ಬೂಷ್ಟು ಹಿಡಿದ ತಟ್ಟೆಯನ್ನು ಎಸೆಯದೆ ದಿಟ್ಟಿಸಿ ನೋಡಿ ಔಷಧಿಯ ದಾರಿ ಕಂಡ ವೈದ್ಯನೊಬ್ಬ ಅದರಲ್ಲಿದ್ದ. ನೇಗಿಲು ಹೊಡೆಯುತ್ತ ಹಾಡು ಕಟ್ಟಿದ ರೈತನಿದ್ದ. ಹುಡುಗಿಗೆ ಲೆಕ್ಕದ ವಿದ್ಯೆ ಯಾಕೆ ಎಂದು ಮನೆಯವರು ಮೇಣದಬತ್ತಿ ಕಿತ್ತುಕೊಂಡರೂ ತಾನೇ ಕಲಿತು ವಿಜ್ಞಾನದ ಪುಸ್ತಕ ಬರೆದ ಹೆಂಗಸಿದ್ದಳು. ಸಮುದ್ರದ ದಂಡೆಯ ಬಂಡೆಯಲ್ಲಿ ನೆಟ್ಟಗೆ ನಿಂತ ಪದರಗಳ ಮೇಲೆ ಅಡ್ಡ ಮಲಗಿದ ಪದರಗಳನ್ನು ನೋಡಿ, ಈ ಭೂಮಿಗೆ ನಾವು ಎಣಿಸಲಾರದಷ್ಟು ವಯಸ್ಸಾಗಿದೆ ಎಂದು ತಿಳಿದವನೊಬ್ಬನಿದ್ದ. ಅಡ್ಡ ಮಲಗಿದ ಪದರ ನಮಗೆ ಗೊತ್ತು, ಅದರ ಮೇಲೆಯೇ ಕುಳಿತು ಉಣ್ಣುತ್ತಿದ್ದೆವು. ಅದಕ್ಕೆ ವಯಸ್ಸು ಇರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಕೊನೆಗೆ ಒಬ್ಬ ಕಲ್ಲುಕುಟಿಗ ಬಂದ. ನಮ್ಮ ಹಾಗೆಯೇ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದವನು. ಒಡೆದ ಕಲ್ಲಿನೊಳಗೆ ಅವನಿಗೆ ಮೀನು ಸಿಕ್ಕವು, ಎಂದೋ ಸತ್ತು ಕಲ್ಲಾಗಿದ್ದ ಮೀನು. ಅವುಗಳನ್ನು ಕೂಡಿಸಿಟ್ಟ, ಗುರುತು ಹಿಡಿದ. ಆಮೇಲೆ ಬೇರೆಯವರ ಕೈಗೆ ಕೊಡದೆ ತಾನೇ ಬರೆದ. ಕಲ್ಲಿನ ಗಂಧವಿಲ್ಲದವರೂ ಕುಳಿತು ಓದುವಷ್ಟು ಚೆಂದ ಬರೆದನಂತೆ. ಇದನ್ನು ಓದಿ ಮುಗಿಸಿ ತಮ್ಮ ನನ್ನ ಕಡೆ ನೋಡಿದ.

"ಅಣ್ಣಾ, ಇಂವ ನಿನ್ನಂಗಾ ನೋಡು. ಸಾಲಿ ಭಾಳ ಕಲ್ತಿಲ್ಲ."

ಎಲ್ಲರೂ ನಕ್ಕರು. ಮುದುಕ ಬಿಡಲಿಲ್ಲ. "ಏ, ನಿಮ್ಮಣ್ಣಗ ಸ್ಕಾಟ್ಲಂಡ್ ಎಲ್ಲಿ ಗೊತ್ತೋ? ಅಂವಗ ಗೊತ್ತಿರೋದು ಸ್ಕಾಚ್. ಅದೂ ಕುಡದಿಲ್ಲ, ಬಾಟ್ಲಿ ನೋಡ್ಯಾನ!" ತಮ್ಮನೂ ನಕ್ಕ. ನಾನೂ ನಕ್ಕೆ. ಆದರೆ ಉಳಿದ ರೊಟ್ಟಿಯನ್ನು ಹಾಗೇ ಕಟ್ಟಿಟ್ಟೆ. ಅವನು ನನ್ನನ್ನು ಆ ಮನುಷ್ಯನ ಸಾಲಿನಲ್ಲಿ ಕೂರಿಸಿದ್ದ. ನನಗೆ ಕೇಳಿಸಿದ್ದು ‘ಸಾಲಿ ಭಾಳ ಕಲ್ತಿಲ್ಲ’ ಎಂಬ ಮಾತು ಮಾತ್ರ.

ಅದಾದ ಹದಿನೈದು ದಿನಕ್ಕೆ ತಮ್ಮನ ಉಳಿಗೆ ಒಂದು ಕಲ್ಲಿನ ಹಾಳೆ ಎದ್ದಿತು. ಎರಡಡಿ ಅಗಲ, ಮೂರಡಿ ಉದ್ದ. ಅದರ ಮೈಮೇಲೆ ದುಂಡನೆಯ ಕಪ್ಪು ಚುಕ್ಕೆಗಳಿದ್ದವು. ಕೆಲವು ಉದ್ದಿನಕಾಳಿನಷ್ಟು, ಕೆಲವು ಅಂಗಿಯ ಗುಂಡಿಯಷ್ಟು. ತಮ್ಮ ಬೆರಳಿಗೆ ಎಂಜಲು ಹಚ್ಚಿ ಒಂದೊಂದನ್ನೇ ತಿಕ್ಕಿದ. ಒದ್ದೆಯಾದಾಗ ಅವು ಇನ್ನಷ್ಟು ಕಪ್ಪಾದವು. ಎಣಿಸಿದ, ಹನ್ನೊಂದು.

"ಇವು ಬರೇ ಕಲ್ಲಿಗಿ ಹತ್ತಿದ ಕಲಿ ಅಲ್ಲ ಅನಸ್ತದ ಅಣ್ಣಾ. ಆ ಮೀನಿನಂಗ ಏನೋ ಜೀವ ಇದ್ದಾವು. ಇರಬೌದು, ಇರಲಿಕ್ಕಿಲ್ಲ. ಯಾರಿಗರ ತಿಳದವ್ರಿಗಿ ಕೇಳಬೇಕು."

ಗ್ರಂಥಾಲಯದವರನ್ನು ಹಿಡಿದು ಅವನು ಕಲಬುರಗಿಯ ಕಾಲೇಜೊಂದರ ಸರ್‌ಗೆ ಕಾಗದ ಬರೆಸಿದ. ಸೋಮವಾರ ಬಂದು ನೋಡುತ್ತೇನೆ ಎಂದು ಅವರು ಹೇಳಿ ಕಳಿಸಿದರು. ಅಂದು ತಮ್ಮನ ಕಾಲು ನೆಲದ ಮೇಲಿರಲಿಲ್ಲ. ಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಮೇಲೆ ಗೋಣಿಚೀಲ ಹೊದಿಸಿದ. ಗುರುವಾರ ಅವನು ನಮ್ಮ ಅತ್ತೆಯ ಮಗಳ ಮದುವೆಗೆ ತೆಂಗಳಿ ಊರಿಗೆ ಹೊರಟ. ಮನೆಯಿಂದ ಒಬ್ಬರಾದರೂ ಹೋಗಲೇಬೇಕಿತ್ತು. ಹೋಗುವಾಗ ಎರಡು ಸಲ ತಿರುಗಿ ಬಂದು ಹೇಳಿದ.

"ಸೋಮವಾರ ತನಕ ಅದನ್ನ ಯಾರೂ ಮುಟ್ಟದಂಗ ನೋಡ್ಕೋ ಅಣ್ಣಾ. ಇದೊಂದು ಕೆಲಸ ಮಾಡು."

ಶನಿವಾರ ಚಿಂಚೋಳಿಗೆ ಲಾರಿ ತುಂಬುತ್ತಿದ್ದೆವು. ಅಲ್ಲಿ ಒಬ್ಬರು ಹಿಟ್ಟಿನ ಗಿರಣಿ ಕಟ್ಟಿಸುತ್ತಿದ್ದರು, ನೆಲಕ್ಕೆ ಫರಸಿ ಬೇಕಿತ್ತು. ಒಂದು ಕಲ್ಲು ಕಡಿಮೆ ಬಿತ್ತು. ಖಣಿಯ ಮುನೀಮ ಸುತ್ತ ನೋಡಿ, "ಗಿಡದ ಬುಡಕ ಇರೋದು ಯಾರ್ದಲೇ?" ಎಂದು ಕೇಳಿದ.

ಲಾರಿ ಅವಸರದಲ್ಲಿತ್ತು, ಮುನೀಮ ಬೈಯುತ್ತಿದ್ದ, ನನಗೆ ಬೇರೆ ದಾರಿಯಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅರ್ಧ ತಾಸಿನಲ್ಲಿ ಇನ್ನೊಂದು ಕಲ್ಲು ಎಬ್ಬಿಸುವುದು ನನಗೆ ದೊಡ್ಡದಾಗಿರಲಿಲ್ಲ. ನನ್ನ ತಮ್ಮನದು ಎಂದು ಒಂದು ಮಾತು ಅಂದಿದ್ದರೆ ಮುನೀಮನೂ ಸುಮ್ಮನಾಗುತ್ತಿದ್ದ. ಆದರೆ ಸೋಮವಾರ ಕಾಲೇಜಿನ ಸರ್ ಬರುತ್ತಾರೆ, ತಮ್ಮ ಅವರ ಜೊತೆ ನನಗೆ ತಿಳಿಯದ ಮಾತು ಆಡುತ್ತಾನೆ, ನಾನು ಚಹಾ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ ಎಂಬುದು ಕಣ್ಣ ಮುಂದೆ ಬಂತು.

"ಯಾರ್ದೂ ಅಲ್ಲರಿ, ಹಾಕ್ರಿ" ಎಂದೆ.

ಲಾರಿಯ ಜೊತೆ ನಾನೇ ಹೋಗಿದ್ದೆ. ನೆಲ ಹಾಸುವ ಗೌಂಡಿ ಆ ಕಲ್ಲು ನೋಡಿ, "ಇದಕ್ಕ ಕಲಿ ಅವ, ಬೋರಲ ಹಾಕ್ಲೇನು?" ಎಂದ. ಚುಕ್ಕೆಗಳು ಮುಚ್ಚಿ ಹೋಗುತ್ತವಲ್ಲ ಎಂದು ಅವನ ಕೈ ತಡೆದೆ. ಹಾಗೇ ಇರಲಿ ಎಂದೆ. ಅವನು ಮುಖ ಮೇಲೆ ಮಾಡಿ ಬಾಗಿಲಿನಿಂದ ನಾಲ್ಕನೆಯ ಕಲ್ಲಾಗಿ ಕೂರಿಸಿದ. ಬೋರಲು ಹಾಕಲು ಬಿಟ್ಟಿದ್ದರೆ ಮಣ್ಣಿನೊಳಗೆ ಹನ್ನೊಂದೂ ಉಳಿಯುತ್ತಿದ್ದವೋ ಏನೋ. ಅದೂ ನನಗೆ ಆಗ ತಿಳಿಯಲಿಲ್ಲ.

ರವಿವಾರ ಸಂಜೆ ತಮ್ಮ ಮದುವೆ ಮನೆಯಿಂದ ಬುಂದಿ ಕಟ್ಟಿಸಿಕೊಂಡು ಬಂದ. ನಾನು ಮುಖ ನೋಡದೆ ಹೇಳಿದೆ, "ನೀ ಕಲ್ಲ ಸರಿ ಆನಿಸಿದ್ದಿಲ್ಲ. ಗಾಳಿಗಿ ಬಿದ್ದು ಚೂರಾತು. ಕಾಲಾಗ ಹತ್ತತಾವಂತ ಚೂರೆಲ್ಲ ಗುಡ್ಡಿಗಿ ಒಗದೀನಿ."

ಅವನು ಬೈಯಲಿಲ್ಲ. ಬುಂದಿಯ ಗಂಟನ್ನು ನನ್ನ ಕೈಗೆ ಕೊಟ್ಟು ಖಣಿಯ ಹಿಂದಿನ ಒಡಕಲ್ಲಿನ ಗುಡ್ಡೆಗೆ ಓಡಿದ. ಮರುದಿನ ಬೆಳಗ್ಗೆಯೂ ಅಲ್ಲೇ ಇದ್ದ. ಸರ್ ಮೋಟಾರ್‌ಸೈಕಲ್ ಮೇಲೆ ಬಂದಾಗ ಅವನ ಬೆರಳಿನ ತುದಿಗಳೆಲ್ಲ ತರಚಿದ್ದವು. ಆ ಕೈಗಳನ್ನೇ ಮುಗಿದು ನಿಂತ.

"ನನ್ನ ಕೈಲಿಂದಾ ಒಡೀತ್ರಿ ಸರ್. ಸರಿ ನಿಲ್ಲಸಲಾಕ ಬರಲಿಲ್ಲ. ನಿಮಗ ಸುಮ್ಮ ತ್ರಾಸ ಕೊಟ್ಟಂಗಾತು."

ಸರ್ ಒಳ್ಳೆಯವರು. ಅವನು ಹಾಳೆಯ ಮೇಲೆ ಬರೆದಿಟ್ಟಿದ್ದ ಚಿತ್ರ ನೋಡಿದರು. ಚಿತ್ರ ನೋಡಿ ಹೇಳಲಾಗದು, ಇನ್ನೊಂದು ಸಿಕ್ಕರೆ ತಿಳಿಸು ಎಂದು ಹೇಳಿ ಹೋದರು. ನಾನು ನೆನೆಸಿದ ಹಾಗೆಯೇ ಚಹಾ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ತಮ್ಮ ಮುಂದೆಯೂ ಕೆಲವು ದಿನ ಗುಡ್ಡೆಯ ಚೂರುಗಳನ್ನು ತಿರುವಿ ನೋಡಿದ. ನಾನು ಒಂದು ದಿನವೂ ಅವನ ಕೈ ಹಿಡಿದು ಎಬ್ಬಿಸಲಿಲ್ಲ. ಕೊನೆಗೆ ಪುಸ್ತಕವನ್ನು ಚಿತ್ತಾಪುರಕ್ಕೆ ಒಯ್ದು ಕೊಟ್ಟು ಬಂದ, ಬೇರೆ ಪುಸ್ತಕ ತರಲಿಲ್ಲ. ಮುದುಕ, "ಏನಪಾ, ನಿಮ್ಮ ಸ್ಕಾಟ್ಲಂಡಿನವ್ರು ಹೆಂಗದಾರ?" ಎಂದು ಕೆಣಕಿದರೆ, "ಅದೆಲ್ಲ ನಂದಲ್ಲ ಕಾಕಾ. ನನ್ನ ಕೈ ಒಡಿಯೋ ಕೈ ಅದ" ಎಂದು ನಗುತ್ತಿದ್ದ. ಮರುವರ್ಷ ಖಣಿ ಬಿಟ್ಟ. ಈಗ ಸೇಡಂನಲ್ಲಿ ಮನೆ ಮಾಡಿ, ಕೋಡ್ಲಾ ಕಡೆಯ ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆ ಗುತ್ತಿಗೆಯ ಮೇಲೆ ಹೋಗುತ್ತಾನೆ.

ನನ್ನ ಹೆಂಡತಿಯ ತವರು ಚಿಂಚೋಳಿ. ಹೋದಾಗಲೆಲ್ಲ ನಾನು ಆ ಗಿರಣಿಗೆ ಹೋಗಿ ನಿಲ್ಲುತ್ತಿದ್ದೆ. ಕಾಲಿನಿಂದ ಹಿಟ್ಟು ಸರಿಸಿ ನಾಲ್ಕನೆಯ ಕಲ್ಲು ನೋಡುತ್ತಿದ್ದೆ. ಗಿರಣಿಯ ಮಾಲೀಕ ಚಾಚಾ ಬೆಳ್ಳಗಿನ ಹುಬ್ಬು ಏರಿಸಿ, "ಕ್ಯಾ ಭಾಯ್, ಜ್ವಾಳ ಇಲ್ದಾ ಗಿರಣಿಗಿ ಬರ್ತಿ, ಹಿಟ್ಟಿನ ವಾಸನಿಗಾ ಹೊಟ್ಟಿ ತುಂಬ್ತದೇನು?" ಎನ್ನುತ್ತಿದ್ದರು. ಮೊದಲ ವರ್ಷ ಹನ್ನೊಂದೂ ಇದ್ದವು. ಜನರ ಚಪ್ಪಲಿ, ಎಳೆದಾಡುವ ಡಬ್ಬಿ, ದಿನವೂ ಆಡುವ ಕಸಬರಿಗೆ. ಏಳಾದವು. ಆಮೇಲೆ ನಾಲ್ಕು. ಒಂದೊಂದು ಅಳಿಸಿಹೋದಾಗಲೂ ಈ ಸಲ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಸೇಡಂಗೆ ಹೋದರೆ ತಮ್ಮ ಎದ್ದು ನನಗೆ ಕುರ್ಚಿ ಬಿಟ್ಟುಕೊಡುತ್ತಿದ್ದ. ನಾನು ಚಹಾ ಕುಡಿದು, ಹೇಳದೆಯೇ ಬಸ್ಸು ಹತ್ತುತ್ತಿದ್ದೆ.

ಹೋದ ತಿಂಗಳು ಚಾಚಾ ಹೇಳಿದರು, "ಮುಂದಿನ ವಾರ ಟೈಲ್ಸ್ ಹಾಕಸ್ತೀನಿ. ಫರಸಿ ಸವದು ಹೋಗ್ಯಾದ." ಬಾಗಿ ನೋಡಿದೆ. ಕಲ್ಲಿನ ಮೇಲೆ ಜೋಳದ ಡಬ್ಬಿ ಇಡುವ ಮೂಲೆಯಲ್ಲಿ ಮಾತ್ರ ಎರಡು ಚುಕ್ಕೆ ಉಳಿದಿದ್ದವು. ಇವೂ ಸಿಮೆಂಟಿನ ಕೆಳಗೆ ಹೋದರೆ ತಮ್ಮನಿಗೆ ತೋರಿಸಲು ನನ್ನ ಬಳಿ ಏನೂ ಇರುವುದಿಲ್ಲ, ಬರೀ ಬಾಯಿಮಾತು. ಅಲ್ಲೇ ನಿಂತು ಅವನಿಗೆ ಫೋನು ಮಾಡಿದೆ. ನಾಳೆ ಚಿಂಚೋಳಿಗೆ ಬಾ ಎಂದೆ. ಯಾಕೆ ಎಂದು ಕೇಳಲಿಲ್ಲ. ಅಣ್ಣ ಕರೆದ, ಬಂದ.

ಪಾಳಿ ಮುಗಿಸಿ ನೇರ ಬಂದಿದ್ದ. ಕಿವಿಯ ಹಿಂದೆ ಸಿಮೆಂಟಿನ ಪುಡಿ ಹಾಗೇ ಇತ್ತು. ಗಿರಣಿಯಲ್ಲಿ ಮೂರ್ನಾಲ್ಕು ಹೆಂಗಸರು ಬೀಸಲು ಕಾಯುತ್ತಿದ್ದರು. ನಾನು ಡಬ್ಬಿ ಸರಿಸಿ, ಟವೆಲ್ಲಿನಿಂದ ಹಿಟ್ಟು ಒರೆಸಿ, ಆ ಜಾಗ ತೋರಿಸಿದೆ. ತಮ್ಮ ಬಾಗಿ ನೋಡಿದ. ಆಮೇಲೆ ಮೊಣಕಾಲೂರಿ ಕುಳಿತ. ಬೆರಳಿಗೆ ಎಂಜಲು ಹಚ್ಚಿಕೊಂಡು ಚುಕ್ಕೆಯನ್ನು ತಿಕ್ಕಿದ. ಅದು ಕಪ್ಪಾಯಿತು. ಅಲ್ಲಿಂದ ಅವನ ಬೆರಳು, ಏನೂ ಇಲ್ಲದ ಕಲ್ಲಿನ ಮೇಲೆ ಗೇಣು ಹಾಕುತ್ತ ಒಂದೊಂದು ಕಡೆ ನಿಂತು ಮುಂದೆ ಹೋಯಿತು. ನಾನು ಎಣಿಸಿದೆ, ಉಳಿದಿದ್ದ ಎರಡೂ ಸೇರಿ ಹನ್ನೊಂದು ಕಡೆ ನಿಂತಿತು. ಹಾಳೆಯ ಮೇಲೆ ಬರೆದ ಆ ಚಿತ್ರ ಅವನ ತಲೆಯಲ್ಲಿ ಹಾಗೇ ಇತ್ತು.

ಅವನು ತಲೆಯೆತ್ತಿ ಏನೋ ಕೇಳಿದ. ಗಿರಣಿಯ ಸಪ್ಪಳದಲ್ಲಿ ಕೇಳಿಸಲಿಲ್ಲ. ನಾನು ಹೇಳಿದ್ದು ಅವನಿಗೂ ಕೇಳಿಸಲಿಲ್ಲ, ಕಿವಿಗೆ ಕೈ ಹಿಡಿದ. ಈ ಸಪ್ಪಳದಲ್ಲೇ ಹೇಳಿ ಮುಗಿಸಿಬಿಡಬಹುದಿತ್ತು. ಹೇಳಿದ ಹಾಗೂ ಆಗುತ್ತಿತ್ತು, ಯಾರಿಗೂ ಕೇಳಿಸುತ್ತಲೂ ಇರಲಿಲ್ಲ.

"ಚಾಚಾ, ಗಿರಣಿ ಜರಾ ಬಂದ್ ಮಾಡ್ರಿ" ಎಂದು ಕೂಗಿದೆ.

"ಏ ಯಣ್ಣಾ, ನಮ್ದು ಅರ್ಧಾ ಬೀಸ್ಯಾದ!" ಎಂದು ಒಬ್ಬಾಕೆ ತಕರಾರು ಮಾಡಿದಳು. ಚಾಚಾ ನನ್ನ ಮುಖ ನೋಡಿ ಗುಂಡಿ ಒತ್ತಿದರು. ಪಟ್ಟಿ ತಿರುಗುತ್ತ ತಿರುಗುತ್ತ ನಿಂತಿತು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಾನು ತಮ್ಮನ ಎದುರು ಹಿಟ್ಟಿನಲ್ಲೇ ಕುಳಿತೆ.

"ಆ ಕಲ್ಲ ನಿನ್ನ ಕೈಲಿಂದ ಒಡದಿಲ್ಲೋ ತಮ್ಮಾ. ಒಡದಾ ಇಲ್ಲ. ನಾನಾ ಲಾರಿಗಿ ಹಾಕಸ್ದೆ, ನಾನಾ ಇಲ್ಲಿಗಿ ತಂದೆ. ಮುನೀಮ ಯಾರ್ದು ಅಂತ ಕೇಳ್ದ, ಯಾರ್ದೂ ಅಲ್ಲ ಅಂದೆ. ನೀ ಗುಡ್ಡಿ ಕೆದರೋದು ನೋಡ್ಕೋತ ಸುಮ್ಮ ನಿಂತೆ. ನಿನ್ನ ಕೈದು ಏನೂ ತಪ್ಪಿಲ್ಲ. ತಪ್ಪು ನಂದು. ನನಗ ಮಾಫ್ ಮಾಡು."